ಎಂಬತ್ತೈದನ್ನು ಮಾರಿದ ಕಾರಣ

ಆನೆ ಎದುರಾಗಬಹುದಿತ್ತು. ಕಾಫಿ ಗಿಡದ ಚಗಳಿ ಇರುವೆ ಕಾಲರಿನೊಳಗೆ ಇಳಿಯಬಹುದಿತ್ತು, ಬಂಗಲೆಯ ನಾಯಿಯನ್ನು ಕಟ್ಟಲು ಮರೆತಿರಬಹುದಿತ್ತು, ಲೆನ್ಸು ಕೈಜಾರಿ ಕಲ್ಲಿಗೆ ಬೀಳಬಹುದಿತ್ತು. ನನಗೇ ಎದೆನೋವು ಬಂದರೆ ಮಾದಾಪುರದಿಂದ ಮಡಿಕೇರಿಗೆ ಎಷ್ಟು ಹೊತ್ತು ಎಂದೂ ಯೋಚಿಸಿಟ್ಟಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಫಿ ತೋಟದಲ್ಲಿ ಕೂಲಿ ಮಾಡುವ ಗೌರಮ್ಮ ಅಳಬಹುದಿತ್ತು. ಕಳೆದ ಸಲ ಹಣ್ಣು ಕೊಯ್ಯುವ ಪಿಕಿಂಗ್ ಸಮಯದಲ್ಲಿ ನಾನು ತೋಟಕ್ಕೆ ಹೋಗಿದ್ದು ಅವರಿಗೆ ನಿಜ ಹೇಳಲು: ನಿಮ್ಮ ಮಾನ ತೆಗೆದ ಆ ಫೋಟೋ ತೆಗೆದವನು ನಾನು ಎಂದು.

ಮಾದಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕ್ಯಾಮರಾ ನನ್ನ ಹುಚ್ಚು. ದಿನನಿತ್ಯಕ್ಕೆ ಯಾವ ಲೆನ್ಸು ಒಳ್ಳೆಯದು ಎಂದು ಯಾರು ಕೇಳಿದರೂ, ಜೂಮ್ ಇಲ್ಲದ ಮೂವತ್ತೈದು ಎಂಎಂ ಎನ್ನುತ್ತೇನೆ. ಕಣ್ಣಿಗೆ ಕಂಡಷ್ಟೇ ಅದಕ್ಕೂ ಕಾಣುತ್ತದೆ ಎಂದು ಭಾಷಣ ಬಿಗಿಯುತ್ತೇನೆ. ಮೊದಲಿದ್ದ ಎಂಬತ್ತೈದು ಎಂಎಂ ಲೆನ್ಸಿಗೆ ಮಳೆಗಾಲದಲ್ಲಿ ಫಂಗಸ್ ಹಿಡಿಯಿತು, ಮಾರಿಬಿಟ್ಟೆ ಎಂದೂ ಸೇರಿಸುತ್ತೇನೆ.

ಫಂಗಸ್ ಹಿಡಿದಿರಲಿಲ್ಲ. ಹಿಡಿದೀತೆಂದು ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಹೆಂಡತಿ ಆ ಅಕ್ಕಿಯನ್ನೇ ಬೇಯಿಸಿಯಾಳೆಂದು ಡಬ್ಬಿಗೆ ಚೀಟಿ ಅಂಟಿಸಿದವನು ನಾನು. ನನ್ನ ಮನೆಯಲ್ಲಿ ಫಂಗಸ್ಸಿಗೆ ಜಾಗ ಎಲ್ಲಿ?

ಎಂಬತ್ತೈದು ನನಗೆ ಇಷ್ಟವಾಗಿದ್ದಕ್ಕೆ ಕಾರಣ ನನ್ನ ಪುಕ್ಕಲುತನ. ಐದಾರು ಮಾರು ದೂರ ನಿಂತು ತೆಗೆಯಬಹುದು — ಯಾರನ್ನೂ ಕೇಳಬೇಕಿಲ್ಲ. ಅದರ ಹಿಂದಿನ ವರ್ಷದ ಪಿಕಿಂಗಿನಲ್ಲಿ ಹಾಗೇ ತೆಗೆದೆ. ಸಿಲ್ವರ್ ಮರದ ಬುಡದಲ್ಲಿ ಗೌರಮ್ಮ ಕಾಲು ಚಾಚಿ, ಮಂಡಿಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಮುಖದ ಮೇಲೆ ಒಂದೇ ಒಂದು ಬಿಸಿಲ ಕೋಲು. ಹಿಂದಿನ ಹಸಿರೆಲ್ಲ ಬೆಣ್ಣೆಯಂತೆ ಕರಗಿತ್ತು. ಸಂಜೆಯೇ ಸ್ಟೇಟಸ್ಸಿಗೆ ಹಾಕಿದೆ.

ಎರಡು ದಿನ ಬಿಟ್ಟು, ಆಳುಗಳ ಹಾಜರಿ ಬರೆಯುವ ತೋಟದ ರೈಟರ್ ಜೆರಾಕ್ಸಿಗೆ ಬಂದ. "ನಿಮ್ಮ ಫೋಟೋದಿಂದ ಭಾರಿ ಉಪಕಾರ ಆಯ್ತು ಸಾರ್. ಪಿಕಿಂಗ್ ಟೈಮಲ್ಲಿ ಮಹಾರಾಣಿ ಹಂಗೆ ಕೂತವ್ಳೆ. ಲೈನ್ ಮನೆ ಹೆಂಗಸ್ರನ್ನೆಲ್ಲ ನಿಲ್ಸಿ ಮೊಬೈಲ್ ತೋರ್ಸ್ದೆ, ಮಂಡಿ ನೋವಂತೆ, ಮಂಡಿ ನೋವು."

ನಾನು ನಕ್ಕೆ. ಫೋಟೋ ತೆಗೆದದ್ದು ತಪ್ಪು, ಸ್ಟೇಟಸ್ಸಿಗೆ ಹಾಕಿದ್ದು ಇನ್ನೂ ದೊಡ್ಡ ತಪ್ಪು — ಆದರೆ ಆ ನಗು... ಅದಕ್ಕೆ ಏನು ಹೆಸರಿಡಲಿ? ಗಿರಾಕಿ ಬೇಜಾರಾದಾನೆಂಬ ಹೆದರಿಕೆಗೆ ನಕ್ಕೆ. ಅವನು ಹೋದ ಮೇಲೆ ಫೋಟೋ ಅಳಿಸಿದೆ. ಆಮೇಲೆ ಗೌರಮ್ಮ ರೇಷನ್ ಕಾರ್ಡ್ ಜೆರಾಕ್ಸಿಗೆ ಬಂದಾಗಲೆಲ್ಲ ಕ್ಯಾಮರಾ ಕೌಂಟರಿನ ಕೆಳಗೆ ಹೋಗುತ್ತಿತ್ತು. ರೈಟರ್ ನನ್ನ ಹೆಸರು ಹೇಳಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಚೆನ್ನಾಗಿದೀರಾ ಸಾರ್" ಎಂದು ಅವರು ಕೇಳಿದರೆ, ಅದರಲ್ಲಿ ಇನ್ನೇನೋ ಇದೆ ಎಂದುಕೊಂಡು ಚಿಲ್ಲರೆ ತಪ್ಪಾಗಿ ಎಣಿಸುತ್ತಿದ್ದೆ.

ಎಂಬತ್ತೈದನ್ನು ಮಾರಿ ಮೂವತ್ತೈದು ಕೊಂಡದ್ದು ಅದಕ್ಕೆ. ಅದರಲ್ಲಿ ಒಬ್ಬರ ಫೋಟೋ ಬೇಕೆಂದರೆ ಒಂದು ಮಾರಿನಷ್ಟು ಹತ್ತಿರ ಹೋಗಬೇಕು, ಮುಖ ನೋಡಬೇಕು, ಕೇಳಬೇಕು. ಇದನ್ನೇ ನಾನು ಊರಿಗೆಲ್ಲ ಅಭಿರುಚಿ ಎಂದು ಮಾರಿದ್ದು.

ನಿಜ ಹೇಳಲೆಂದು ಆ ದಿನ ನಾನು ತೋಟ ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ಹೆಂಗಸರೆಲ್ಲ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಗೌರಮ್ಮ ಒಬ್ಬರೇ ಮರಕ್ಕೆ ಒರಗಿ, ಒಂದು ಕಾಲಿನ ಮೇಲೆ ಭಾರ ಹಾಕಿ, ನಿಂತುಕೊಂಡೇ ಉಣ್ಣುತ್ತಿದ್ದರು. ಮೊದಲು ಒಂದು ಫೋಟೋ, ಆಮೇಲೆ ಮಾತು ಎಂದುಕೊಂಡೆ. ತೆಗೆಯಲೇ ಎಂದು ಕೇಳಿದೆ. ಒಪ್ಪಿದರು.

"ಕೂತ್ಕೊಳ್ಳಿ ಗೌರಮ್ಮ, ಮಂಡಿ ನೋವಲ್ವಾ" ಎಂದೆ.

"ಬ್ಯಾಡ ಸಾರ್. ಫೋಟೋದಲ್ಲಿ ನಾ ಕೂರಕಿಲ್ಲ."

ಕೈ ಒರೆಸಿಕೊಂಡು, ಮರ ಬಿಟ್ಟು, ನೆಟ್ಟಗೆ ನಿಂತರು. ಒತ್ತಿದೆ. ಕಣ್ಣಿನ ರೆಪ್ಪೆಯವರೆಗೂ ಚೊಕ್ಕವಾಗಿ ಬಂತು. ಆನೆ ಬರಲಿಲ್ಲ, ನಾಯಿ ಬೊಗಳಲಿಲ್ಲ, ಎದೆ ಒಡೆಯಲಿಲ್ಲ. ಹೇಳಬೇಕಾದ್ದನ್ನು ನಾನು ಹೇಳಲಿಲ್ಲ, ಅಷ್ಟೇ. ನಾನು ಕ್ಯಾಮರಾ ಚೀಲಕ್ಕೆ ಹಾಕಿ ಜಿಪ್ ಎಳೆದು ಬೇಲಿ ದಾಟುವ ತನಕ, ಗೌರಮ್ಮ ಹಾಗೇ ನಿಂತಿದ್ದರು.