ಬೋಣಿ ಹೊತ್ತಿನ ಕಪ್ಪು ಪೆನ್ಸಿಲ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ಹುಣಸೂರು ಪೇಟೆಯ ಬಸಪ್ಪನವರು ಅಂಗಡಿ ತೆಗೆಯುತ್ತಲೇ ಹಾಜರಾದೆ. ಡ್ರಾಯಿಂಗ್ ಮೇಷ್ಟ್ರ ಸಂಬಳಕ್ಕೆ ಎಟುಕುವುದು ಅವರಲ್ಲಿ ಬಿಡಿಯಾಗಿ ಸಿಗುವ ಬಣ್ಣದ ಪೆನ್ಸಿಲ್ ಮಾತ್ರ. ರದ್ದಿ ಕಾಗದದ ಮೇಲೆ ಗೀಚಿ ನೋಡಿ, ಮೆತ್ತಗೆ ಬಣ್ಣ ಬಿಡುವ ಕೆಂಪು, ಹಸಿರು, ನೀಲಿ ಆರಿಸಿದೆ. ಶಾಲೆಯಲ್ಲಿ ಇವತ್ತು ಕಾಗೆ ಬರೆಸಬೇಕಿತ್ತು. ಕಪ್ಪಿಗೆ ಕೈ ಹಾಕಿದಾಗ ಬಸಪ್ಪನವರು ತಡೆದರು.

"ಬೋಣಿ ವ್ಯಾಪಾರಕ್ಕೆ ಕಪ್ಪು ಕೊಡಕಿಲ್ಲ ಕಣ್ರೀ ಮೇಷ್ಟ್ರೇ. ಇನ್ನೊಬ್ಬ ಗಿರಾಕಿ ಬರ್ಲಿ."

"ಕಾಯ್ತೀನಿ" ಎಂದು ಜಗಲಿಯ ಮೇಲೆ ಕುಳಿತೆ. ಯಾರೂ ಬರಲಿಲ್ಲ. ಸುಮ್ಮನಿರಲಾರದೆ ಅದೇ ರದ್ದಿಯ ಮೇಲೆ ಅವರ ಮುಖ ಬರೆದು, ಕೈಲಿದ್ದ ಬಣ್ಣ ತುಂಬಿದೆ. ಅವರು ಬಗ್ಗಿ ನೋಡಿದರು.

"ಇದೇನ್ರೀ, ನನ್ ಮೀಸೆ ಅಸ್ರು ಮಾಡಿದ್ದೀರಿ?"

"ಬೋಣಿ ಹೊತ್ತಲ್ವೇ ಬಸಪ್ನೋರೇ, ಕಪ್ಪು ಸಿಗಲಿಲ್ಲ."

ಕಪ್ಪು ಪೆನ್ಸಿಲನ್ನು ಅವರೇ ಮೊನೆ ಹೆರೆದು ತಂದುಕೊಟ್ಟರು. ಬೋಣಿ ದೊಡ್ಡದು ನಿಜ. ಮೀಸೆ ಅದಕ್ಕಿಂತ ದೊಡ್ಡದು.