ಜಡೆ ಕಚ್ಚಿದ ಸ್ಪ್ರಿಂಗು

ಔಷಧಿ ಕಂಪನಿಯ ಸ್ಯಾಂಪಲ್ ಬ್ಯಾಗು ಹೊತ್ತು ಹೊತ್ತು ನನ್ನ ಭುಜ ಹಿಡಿದುಕೊಂಡಿತ್ತು. "ಊರೂರು ತಿರುಗೋದು ಹೆಂಗಸರ ಕೆಲಸ ಅಲ್ಲಮ್ಮ, ಆಫೀಸಲ್ಲೇ ಕೂತ್ಕೊಳ್ಳಿ" ಅಂದರು ಮ್ಯಾನೇಜರ್. ನಾನು ಒಪ್ಪಲಿಲ್ಲ. ತೋಳಿಗೆ ಬಲ ಬರಿಸಿಕೊಳ್ಳಲು ಹೊರಟೆ.

ರಾಜಾಜಿನಗರದ ಸ್ಪೋರ್ಟ್ಸ್ ಸಾಮಾನಿನ ಅಂಗಡಿಯಲ್ಲಿ ಡಂಬೆಲ್ಸ್ ಎತ್ತಿ ನೋಡಿದರೆ ಬ್ಯಾಗಿಗಿಂತ ಭಾರ. ಎರಡು ಕೈಯಲ್ಲಿ ಎಳೆಯುವ ಸ್ಪ್ರಿಂಗು ಕೇಳಿದೆ.

"ಯಜಮಾನರಿಗಾ ಮೇಡಂ?"

"ನನಗೇ."

"ಲೇಡೀಸ್ ಕೈಲಿ ಆಗಲ್ಲ. ಸ್ಕಿಪ್ಪಿಂಗ್ ಹಗ್ಗ ತಗೊಳ್ಳಿ."

ಅಲ್ಲೇ ನಿಂತು ಎದೆಯಗಲಕ್ಕೆ ಎಳೆದೆ. ಬಿಡುವಾಗ ಸ್ಪ್ರಿಂಗು ನನ್ನ ಜಡೆಯನ್ನು ಕಚ್ಚಿಕೊಂಡಿತು. ಅಂಗಡಿಯವರೇ ಬಿಡಿಸಿದರು.

"ನಾನ್ ಹೇಳ್ಲಿಲ್ವಾ ಮೇಡಂ?"

"ಪ್ಯಾಕ್ ಮಾಡಿ" ಅಂದೆ.

ಮುಂದೆ ತುರುಬು ಕಟ್ಟಿಕೊಂಡು ಊರೂರಲ್ಲೂ ಎಳೆದೆ. ಭುಜ ನಿಧಾನವಾಗಿ ದಾರಿಗೆ ಬಂತು. ಹಾಸನದ ಲಾಡ್ಜಿನಲ್ಲಿ ಮಾತ್ರ, ಸ್ಪ್ರಿಂಗಿನ ಕಿರ್ರೆನ್ನುವ ಸದ್ದು ಕೇಳಿದ ಮಾಲೀಕರು ನನ್ನ ಬಾಗಿಲಿನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಹೋದರು. ನಾನು ಥ್ಯಾಂಕ್ಸ್ ಹೇಳಿದೆ.