ಮನೆಗೊಂದು ಹೊಂಡ, ಮಾರಾಟಕ್ಕೊಂದು

ಚಾಮರಾಜಪೇಟೆಯ ಮುನಿರಾಮಪ್ಪನ ಮನೆತನದವರು ತರಕಾರಿ ಮಾರಿ ಬದುಕಿದವರು. ಮೀನಿಗೆ ಕೈ ಹಾಕಿದವರಲ್ಲಿ ಅವನೇ ಮೊದಲಿಗ. ತಾವರೆಕೆರೆಯ ಆಚೆ ಇದ್ದ ತುಂಡು ಜಮೀನಿನಲ್ಲಿ ಎರಡು ಹೊಂಡ ತೋಡಿಸಿ, ಕಾಟ್ಲಾ, ರೋಹು ಸಾಕಿ, ಪೇಟೆಯ ತನ್ನ ಅಂಗಡಿಯಲ್ಲೇ ಮಾರುತ್ತಿದ್ದ. ದೊಡ್ಡ ಹೊಂಡ ಮಾರಾಟಕ್ಕೆ, ಸಣ್ಣದು ಮನೆಗೆ. ದೊಡ್ಡದರ ಮೀನಿಗೆ ಹುಣ್ಣು ಕಾಣಿಸಿಕೊಂಡಾಗಲೆಲ್ಲ ಮೇವಿಗೆ ಔಷಧ ಕಲಸಿ ಹಾಕುತ್ತಿದ್ದ. ಸಣ್ಣದಕ್ಕೆ ಒಂದು ಚಿಟಿಕೆಯೂ ಬೀಳದಂತೆ ನೋಡಿಕೊಳ್ಳುತ್ತಿದ್ದ.

ಔಷಧದ ಅಂಶ ಮೈಯಿಂದ ಇಳಿಯುವವರೆಗೆ ಆ ಮೀನನ್ನು ಮಾರಬಾರದೆಂಬ ನಿಯಮ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಮೀನು ಸಾಕುವವರ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದ. ಬಂದು ಬೀದಿಯವರಿಗೆಲ್ಲ ಹೇಳಿಯೂ ಇದ್ದ. ಅದನ್ನು ಕೇಳಿಯೇ ಗಿರಾಕಿಗಳು ಅವನ ಅಂಗಡಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದರು. ಕಾಯುತ್ತ ಕೂತರೆ ಅವರು ಬೇರೆ ಅಂಗಡಿ ಹಿಡಿದಾರೆಂಬ ಅಂಜಿಕೆಗೆ ಅವನು ಕಾಯುವುದನ್ನೇ ಬಿಟ್ಟ.

ಮಗಳು ಲಾವಣ್ಯಾ ಬಸುರಿಯಾಗಿ ತವರಿಗೆ ಬಂದಿದ್ದಳು. ಬಳೆ ತೊಡಿಸಿದ ಮರುದಿನ ನೆಂಟರಿಗೂ ನೆರೆಯವರಿಗೂ ಬಾಡೂಟ. ಅದಕ್ಕೆಂದು ಸಣ್ಣ ಹೊಂಡದ ಮೀನನ್ನು ಅವನೇ ಹಿಡಿಸಿ ತಂದಿದ್ದ. ಮಹಡಿಯ ಮೇಲೆ ಎಲೆ ಹಾಕಿ ಬಡಿಸುತ್ತಿದ್ದಾಗ ಲಾವಣ್ಯಾಳ ಎಲೆ ಕಣ್ಣಿಗೆ ಬಿತ್ತು. ಅಷ್ಟು ಅಗಲದ ತುಂಡು ಸಣ್ಣ ಹೊಂಡದ ಮೀನಿಗೆ ಬರುವುದಿಲ್ಲ.

"ಅಣ್ಣಮ್ಮ, ಇದ್ಯಾವ ಮೀನೇ?" ಎಂದು ಹೆಂಡತಿಯನ್ನು ಕೇಳಿದ.

"ಜನ ಜಾಸ್ತಿ ಆದ್ರು, ಸಾಕಾಗ್ಲಿಲ್ಲ. ಅಂಗಡಿ ಐಸ್ ಪೆಟ್ಟಿಗೆಯಿಂದ ತರಿಸ್ದೆ. ಅದೂ ನಮ್ದೇ ತಾನೆ?"

ಮುನಿರಾಮಪ್ಪ ಮಗಳ ಎಲೆಯ ಮೇಲೆ ಅಡ್ಡ ಕೈಯಿಟ್ಟ. "ಬೇಡ ಮಗಳೆ. ಬಸುರಿಗೆ ಉಷ್ಣ."

ಪಕ್ಕದ ಎಲೆಯಲ್ಲಿ ಕೂತಿದ್ದವಳು ಎದುರು ಮನೆಯ ಶಿವಕುಮಾರಿ, ಪ್ರತಿ ಭಾನುವಾರದ ಗಿರಾಕಿ. ಅವಳು ನಕ್ಕಳು. "ಅಲ್ಲ ಮುನಿರಾಮಣ್ಣ, ಮೀನು ಮಾರೋರೇ ಹಿಂಗಂದ್ರೆ ನಾವೇನು ಸೊಪ್ಪು ತಿನ್ನಾಣ? ನಾನು ಹೆತ್ತಿದ್ದೆಲ್ಲ ಮೀನು ತಿಂದ್ಕೊಂಡೇ!"

"ನಿನ್ನ ಮೈ ಗಟ್ಟಿ ಕಣಮ್ಮ," ಎಂದ ಅವನು.

"ಸರಿ ಬಿಡಿ. ಅವಳಿನ್ನೂ ಮುಟ್ಟಿಲ್ಲ, ಅದನ್ನ ನಮ್ಮ ಆರಾಧನಾಗೆ ಹಾಕ್ಬಿಡಿ. ಅವಳದ್ದು ಖಾಲಿ ಆಯ್ತು."

ಶಿವಕುಮಾರಿಯ ಮೊಮ್ಮಗಳು ತನ್ನ ಪಾಲಿನ ತುಂಡು ಮುಗಿಸಿ, ಮುಳ್ಳುಗಳನ್ನು ಎಲೆಯ ಅಂಚಿಗೆ ಸರಿಸಿ ಕಾಯುತ್ತಿತ್ತು. ಅಣ್ಣಮ್ಮ ಸೌಟಿನಲ್ಲಿ ತುಂಡನ್ನು ಎತ್ತಿಯೇಬಿಟ್ಟಳು. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮುನಿರಾಮಪ್ಪನ ಮರ್ಯಾದೆ ಉಳಿಯುತ್ತಿತ್ತು. ಹಾಗೆ ಉಳಿಸಿಕೊಳ್ಳಬೇಕೆಂದು ಅವನಿಗೆ ಅನಿಸಿತು ಕೂಡ. ಮುಂದೆ ಅವನು ಹೆಚ್ಚು ನಾಚಿದ್ದು ಆ ಅನಿಸಿಕೆಗೆ.

"ಹಾಕ್ಬೇಡ ಕಣೇ," ಎಂದ. "ಅದಕ್ಕೆ ಔಷಧಿ ಹಾಕಿದೀನಿ. ಇನ್ನೂ ತಿನ್ನೋ ಹಂಗಿಲ್ಲ."

ಪಂಕ್ತಿಯಲ್ಲಿ ಕೈಗಳು ನಿಂತವು. ಶಿವಕುಮಾರಿ ತನ್ನ ಎಲೆ ನೋಡಿಕೊಂಡಳು.

"ಹೋದ ಭಾನುವಾರ ನಮಗೆ ಕೊಟ್ಟಿದ್ದು?"

"ಅದೂ ಅದೇ."

"ಮನೇಲಿ ನೀವು ತಿನ್ನೋದು?"

"ಮನೆಗೆ ಬೇರೆ ಹೊಂಡ ಐತೆ."

ಅಣ್ಣಮ್ಮನ ಸೌಟು ಪಾತ್ರೆಗೆ ಬಿತ್ತು. ಬೇರೆ ಹೊಂಡವಿರುವುದು ಅವಳಿಗೆ ಗೊತ್ತಿತ್ತು. ಯಾಕಿದೆ ಎಂಬುದು ಗೊತ್ತಿರಲಿಲ್ಲ. ಶಿವಕುಮಾರಿ ಕೂಗಾಡಲಿಲ್ಲ. ಎಲೆ ಮಡಿಸಿ ಎದ್ದಳು. "ಏಳು ಪುಟ್ಟಿ, ಕೈ ತೊಳ್ಕೊ."

"ಅಜ್ಜಿ, ಮೊಸರನ್ನ ಇನ್ನೂ ಹಾಕಿಲ್ಲ," ಎಂದಿತು ಮಗು.

"ಮನೇಲಿ ಹಾಕ್ತೀನಿ ಬಾ."

ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಲಾವಣ್ಯಾ ಮಾತ್ರ ಅನ್ನದ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಅಪ್ಪ ಕರೆದರೂ ತಲೆಯೆತ್ತಲಿಲ್ಲ.

ಪೆಟ್ಟಿಗೆಯ ಮೀನನ್ನೆಲ್ಲ ಅಂದೇ ಜಮೀನಿಗೆ ಸಾಗಿಸಿ, ಸುಣ್ಣ ಹಾಕಿ ಹೂಳಿಸಿದ. ಮರುದಿನ ಬೆಳಿಗ್ಗೆ ಖಾಲಿ ಅಂಗಡಿಯ ಬಾಗಿಲು ತೆಗೆದು ನಿಂತ. ಬಂದವರಿಗೆಲ್ಲ ತಾನು ಮಾಡಿದ್ದನ್ನು ಹೇಳುವುದು, ಔಷಧ ಇಳಿಯುವ ಅವಧಿ ಮುಗಿಯುವವರೆಗೆ ವ್ಯಾಪಾರವಿಲ್ಲ ಎನ್ನುವುದು, ಇಷ್ಟೇ ಕೆಲಸ. ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದ.

ಮೊದಲು ಬಂದವನು ಹಳೆಯ ಗಿರಾಕಿ ನಂದೀಶ್. ಎಲ್ಲ ಕೇಳಿ, ಹೆಗಲು ತಟ್ಟಿದ. "ಅಯ್ಯೋ, ಎಲ್ಲರೂ ಹಾಕ್ತಾರೆ ಬಿಡಿ ಅಣ್ಣ. ಬೇರೆಯವರು ಹೇಳಲ್ಲ, ನೀವು ಹೇಳಿದ್ರಿ. ನಿಮ್ಮನೆ ಹೊಂಡದ್ದೇ ಒಂದು ಕೆಜಿ ಕೊಟ್ಬಿಡಿ."

ಮುನಿರಾಮಪ್ಪ ಬೈಗುಳಕ್ಕೆ ಸಿದ್ಧನಾಗಿದ್ದ, ಇದಕ್ಕಲ್ಲ. "ಇಲ್ಲ" ಎಂದವನು, ನಂದೀಶನ ಮುಖ ನೋಡಲಾರದೆ, ಮೀನು ಕತ್ತರಿಸುವ ಒಣಗಿದ ಕಟ್ಟೆಗೆ ನೀರು ಸುರಿದು ತಿಕ್ಕತೊಡಗಿದ.